ಎಷ್ಟು ಅಡಿಗೆ ನೀರು ಬಂತು?

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದೆ. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಪಕ್ಕದ ಮನೆ ಯಜಮಾನರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು.

“ಎಷ್ಟು ಅಡಿಗೆ ನೀರು ಬಂತು ಸಾರ್?”

ನನ್ನ ಬಾಯಿ ತುಂಬ ನೊರೆ. ಹುಬ್ಬು ಏರಿಸಿದೆ.

“ಅದೇ, ರಾತ್ರಿ ಬೋರ್ ಕೊರೆಸಿದ್ರಲ್ಲ. ನಾವು ಮಲಗೋ ರೂಮಿನ ಗೋಡೆ ಗುಂಯ್ ಅಂತಿತ್ತು. ಹನ್ನೊಂದು ಗಂಟೆ ಮೇಲೆ ನಿಂತೋಯ್ತು. ಬಂಡೆ ಸಿಕ್ತಾ?”

ತುಮಕೂರಿನಲ್ಲಿ ರಾತ್ರಿ ನೆಲ ನಡುಗಿದರೆ ಯಾರೂ ಭೂಕಂಪ ಅಂದುಕೊಳ್ಳುವುದಿಲ್ಲ. ಪಾಪ, ಯಾರಿಗೋ ಇನ್ನೂ ನೀರು ಸಿಕ್ಕಿಲ್ಲ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಸಾವಿರ ಅಡಿ ಕೊರೆಸಿ ಧೂಳು ನೋಡಿಕೊಂಡು ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ನಾನು ಬಾಯಿ ಮುಕ್ಕಳಿಸಿ ನಿಜ ಹೇಳಿದೆ. ಅದು ಬೋರ್‌ವೆಲ್ ಅಲ್ಲ, ಸಬ್‌ವೂಫರ್, ದಪ್ಪ ಸದ್ದಿಗೆ ಅಂತಲೇ ಇರುವ ಸ್ಪೀಕರು. ರಾತ್ರಿ ಸಿನಿಮಾ ನೋಡ್ತಿದ್ವಿ. ಅವರ ಮುಖ ಇಳಿದುಹೋಯಿತು. ಪಾಯಿಂಟ್ ಯಾರಿಂದ ಮಾಡಿಸಿದಿರಿ ಅಂತ ಕೇಳಿಕೊಂಡು ಹೋಗಲು ಬಂದಿದ್ದರಂತೆ.

ಅವರಿಗೆ ನಾನು ಹೇಳದೆ ಉಳಿಸಿಕೊಂಡ ಮಾತೊಂದಿದೆ. ರಾತ್ರಿ ಅವರಿಗೆ ಕೇಳಿಸಿದಷ್ಟು ಗುಡುಗು ನನಗೆ ಕೇಳಿಸಿರಲಿಲ್ಲ. ಅದಕ್ಕೇ ಜಾಸ್ತಿ ಮಾಡುತ್ತಾ ಹೋಗಿದ್ದೆ.

ಈ ಪೆಟ್ಟಿಗೆ ಮನೆಗೆ ಬಂದಿದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ, ಸಂಜೆ ರೈಲಿನಲ್ಲಿ. ಹೋಮ್ ಥಿಯೇಟರಿಗೆ 5.1 ಅನ್ನುತ್ತಾರಲ್ಲ, ಅದರಲ್ಲಿ ಐದು ಸ್ಪೀಕರು ಆಗಲೇ ಮನೆಯಲ್ಲಿದ್ದವು. ಪಾಯಿಂಟ್ ಒಂದು, ಅಂದರೆ ಈ ಸಬ್‌ವೂಫರ್, ಮಾತ್ರ ಬಾಕಿ ಇತ್ತು. ಪಾಯಿಂಟ್ ಒಂದು ಅಂದರೆ ಪುಟ್ಟದು ಅಂದುಕೊಂಡವನಿಗೆ 15 ಕಿಲೋ ತೂಕದ ಪೆಟ್ಟಿಗೆ ಕೊಟ್ಟರು. ಒಳಗೆ ಅದುರಿ ಸದ್ದು ಹೊರಡಿಸುವ ಕೋನ್ 10 ಇಂಚು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಿಂತ ಒಂದು ಸುತ್ತು ದೊಡ್ಡದು. ರೈಲಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಯಶವಂತಪುರ ದಾಟುವಷ್ಟರಲ್ಲಿ ದಿನಾ ಓಡಾಡುವ ಒಬ್ಬರು ಅದರ ಮೇಲೆ ಆರಾಮಾಗಿ ಕೂತು, “ಗ್ರೈಂಡರಾ ಸಾರ್?” ಅಂದರು. ಹೌದು ಅಂದೆ. ಸಬ್‌ವೂಫರ್ ಅಂದಿದ್ದರೆ ಅದೇನು, ಎಷ್ಟಾಯ್ತು, ಯಾಕೆ ಬೇಕಿತ್ತು ಅಂತ ತುಮಕೂರಿನ ತನಕ ಉತ್ತರ ಕೊಡಬೇಕಿತ್ತು. ಮನೆ ಬಾಗಿಲಲ್ಲಿ ಅಮ್ಮನೂ ಅದನ್ನೇ ಕೇಳಿದಳು. ಅವಳಿಗೆ ಹೌದು ಅನ್ನಲು ಆಗಲಿಲ್ಲ. ಆ ಬೇಜಾರು ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಮನೆಯದು ಓಪನ್ ಹಾಲ್. ಕಟ್ಟುವಾಗ ಎಂಜಿನಿಯರು ಗಾಳಿ, ಬೆಳಕು ಅಂತೆಲ್ಲ ಹೇಳಿ ನಡುವಿನ ಗೋಡೆಗಳನ್ನು ತೆಗೆಸಿಬಿಟ್ಟಿದ್ದರು. ಹಾಲು ಮುಂದುವರಿದು ಊಟದ ಮೇಜು, ಅದು ಮುಂದುವರಿದು ಅಡುಗೆಮನೆ, ಪಕ್ಕದಲ್ಲಿ ಮೇಲಕ್ಕೆ ಬಾಯಿ ತೆರೆದುಕೊಂಡ ಮೆಟ್ಟಿಲು. ನಾನು ಅಂಗಡಿಯಲ್ಲಿ ಹಾಲಿನ ಅಳತೆ ಮಾತ್ರ ಹೇಳಿದ್ದೆ. 18 ಅಡಿ, 14 ಅಡಿ, ಎತ್ತರ 10. ಅಂದರೆ 2,520 ಘನ ಅಡಿ. ಅದಕ್ಕೆ ಇದು ಧಾರಾಳ ಅಂದರು. ಆದರೆ ಬೇಸ್ ಅನ್ನುವ ಈ ದಪ್ಪ ಸದ್ದು ಸೋಫಾ ಎಲ್ಲಿ ಮುಗಿಯಿತು ಅಂತ ನೋಡಿಕೊಂಡು ನಿಲ್ಲುವುದಿಲ್ಲ. ಒಗ್ಗರಣೆ ಘಾಟು ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಅದೂ ಹೋಗುತ್ತದೆ. ನಮ್ಮನೇಲಿ ಒಣಮೆಣಸಿನಕಾಯಿ ಹುರಿದರೆ ಮೇಲಿನ ರೂಮಿನಲ್ಲಿ ಓದುವ ಮಗಳು ಕೆಮ್ಮುತ್ತಾಳೆ. ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದರೆ ಆ ಪಾಪದ ಪೆಟ್ಟಿಗೆ ತುಂಬಿಸಬೇಕಾದ ಜಾಗ 6,000 ಘನ ಅಡಿ ದಾಟಿತು. ಓಪನ್ ಹಾಲ್ ಇರುವವರು ಸೋಫಾ ನೋಡಿ ಸಬ್‌ವೂಫರ್ ತರಬೇಡಿ. ಮೆಣಸಿನಕಾಯಿ ಹುರಿದು, ಎಷ್ಟು ಜನ ಕೆಮ್ಮುತ್ತಾರೆ ಎಣಿಸಿಕೊಂಡು ಹೋಗಿ.

ಎಲ್ಲಿಡುವುದು ಅನ್ನುವುದಕ್ಕೆ ಮೊದಲ ಉತ್ತರ ಅಮ್ಮನದೇ. “ಭಾರದ್ದೆಲ್ಲ ನೈಋತ್ಯಕ್ಕೆ ಇಡಬೇಕು ಕಣೋ.” ಆಶ್ಚರ್ಯ ಅಂದರೆ ವಾಸ್ತುವೂ ಸೌಂಡಿನ ವಿಜ್ಞಾನವೂ ಅಲ್ಲಿ ಒಂದಾದವು. ಮೂಲೆಯಲ್ಲಿಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಸದ್ದನ್ನು ಮುಂದಕ್ಕೆ ನೂಕುತ್ತವೆ, ಪುಕ್ಕಟೆಯಾಗಿ ಜೋರಾಗುತ್ತದೆ. ಹಾಲು ಅಂದಮೇಲೆ ನಾಲ್ಕು ಮೂಲೆ ಇರಬೇಕು. ಓಪನ್ ಆಗಿದ್ದಕ್ಕೆ ನಮಗೆ ಉಳಿದಿರುವುದು ಎರಡೇ. ಒಂದರಲ್ಲಿ ಯುಪಿಎಸ್ ಬ್ಯಾಟರಿ, ಇನ್ನೊಂದು ಈ ನೈಋತ್ಯ. ಅಲ್ಲೇ ಇಟ್ಟೆ. ಆ ಗೋಡೆಯ ಆಚೆ ಕಡೆ ಮೂರಡಿ ಓಣಿ ಬಿಟ್ಟರೆ ಪಕ್ಕದ ಮನೆ ಯಜಮಾನರ ತಲೆದಿಂಬು ಇತ್ತು ಅನ್ನುವುದು ಬೋರ್‌ವೆಲ್ ವಿಷಯ ಬಂದಮೇಲೆ ಗೊತ್ತಾಯಿತು.

ಅದಕ್ಕಿಂತ ಮೊದಲು ಪಾತ್ರೆಗಳ ಕಥೆ. ಆನ್ ಮಾಡಿದ ದಿನವೇ ಮನೆಯೆಲ್ಲ ಒಂದು ನಮೂನೆ ಗಿರಗಿರ. ಮೊಬೈಲಿನಲ್ಲಿ ಸದ್ದು ಹೊರಡಿಸುವ ಒಂದು ಆ್ಯಪ್ ಹಾಕಿಕೊಂಡು 20 ಹರ್ಟ್ಜ್‌ನಿಂದ, ಅಂದರೆ ಸೆಕೆಂಡಿಗೆ 20 ಸಲ ಅದುರುವ ಸದ್ದಿನಿಂದ, ಒಂದೊಂದೇ ಏರಿಸುತ್ತಾ ಬಂದೆ. 20ಕ್ಕೆ ಸದ್ದೇ ಇಲ್ಲ, ಕೋನ್ ಮಾತ್ರ ಕಪ್ಪೆ ಗಂಟಲಿನ ಹಾಗೆ ಆಡುತ್ತಿತ್ತು. 34ಕ್ಕೆ ಶೋಕೇಸಿನ ಗಾಜು ಎದ್ದಿತು. 47ಕ್ಕೆ ಪಾತ್ರೆ ಸ್ಟ್ಯಾಂಡಿನ ಮುಚ್ಚಳಗಳೆಲ್ಲ ಒಟ್ಟಿಗೆ ಶುರು ಮಾಡಿದವು. 58ಕ್ಕೆ ದೇವರ ಮನೆಯ ಗಂಟೆ. ಮುಚ್ಚಳಗಳ ನಡುವೆ ಬಟ್ಟೆ ಹಾಕಿದೆ. ಗಾಜಿಗೆ ರಬ್ಬರ್ ಪಟ್ಟಿ ಕೊಟ್ಟೆ. ಗಂಟೆಯನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

52ಕ್ಕೆ ಮಾತ್ರ ಎಲ್ಲಿಂದಲೋ ಒಂದು ಕರಕರ. ಹೊತ್ತಲ್ಲದ ಹೊತ್ತಲ್ಲಿ ಹುಡುಕಿದ್ದೇ ಹುಡುಕಿದ್ದು, ಎಂಟು ದಿನ. ಸ್ವಿಚ್ ಬೋರ್ಡು ಬಿಚ್ಚಿದೆ, ಫ್ಯಾನಿನ ರೆಕ್ಕೆ ಹಿಡಿದೆ, ಅಕ್ಕಿ ಡಬ್ಬಕ್ಕೆ ಕಿವಿ ಇಟ್ಟೆ. ಕೊನೆಗೆ ನೋಡಿದರೆ ಗೋಡೆ ಮೇಲಿದ್ದ ಅಪ್ಪನ ಫೋಟೋ. ಗಂಧದ ಹಾರ ಹಾಕಿದ ಚೌಕಟ್ಟು ಗೋಡೆಗೆ ತಾಗಿ ಕರಕರ ಅನ್ನುತ್ತಿತ್ತು.

“ನೋಡು, ನಿಮ್ಮಪ್ಪನಿಗೂ ಇಷ್ಟ ಆಗ್ತಿಲ್ಲ” ಅಂದಳು ಅಮ್ಮ.

ಚೌಕಟ್ಟಿನ ಹಿಂದೆ ಇಡಲು ಮೆತ್ತಗಿನ ಚೂರೊಂದು ಬೇಕಿತ್ತು. ಹಳೇ ಹವಾಯಿ ಚಪ್ಪಲಿ ಕತ್ತರಿಸುತ್ತಾ ಕೂತಿದ್ದವನನ್ನು ನೋಡಿ ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಏನಾಯಿತು ಅಂತ ಬರೆಯುವುದಿಲ್ಲ. ಈಗ ಆ ಫೋಟೋ ಹಿಂದೆ ನಾಲ್ಕು ಹೂಬತ್ತಿ ಇವೆ. ರಬ್ಬರಿಗಿಂತ ಅವೇ ಚೆನ್ನಾಗಿ ಕೆಲಸ ಮಾಡುತ್ತಿವೆ.

ಬೋರ್‌ವೆಲ್ ಸುದ್ದಿ ಬೀದಿಗೆಲ್ಲ ಹಬ್ಬಿದ ಮೇಲೆ ನನ್ನ ಹೆಂಡತಿ ವಿಚಾರಣೆ ಶುರು ಮಾಡಿದಳು. ನಾನು ಅವಳಿಗೆ ಹಿಂದೆ ಒಂದು ಪಾಠ ಮಾಡಿದ್ದೆ. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ನಮ್ಮ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ, ಅದಕ್ಕೇ ಅದನ್ನು ಟಿವಿ ಪಕ್ಕದಲ್ಲೇ ಇಡಬೇಕಾಗಿಲ್ಲ ಅಂತ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಳು.

“ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ಲ ಅಂದ್ರಿ ಅಲ್ವಾ? ಹಾಗಾದ್ರೆ ಸ್ಟೋರ್ ರೂಮಲ್ಲಿ ಇಡ್ರೀ.”

ಎಲ್ಲಿಂದ ಬಂತು ಗೊತ್ತಾಗದಿದ್ದರೂ ಎಲ್ಲಿಟ್ಟೆವು ಅನ್ನುವುದರ ಮೇಲೆ ಎಷ್ಟು ಕೇಳಿಸುತ್ತದೆ ಅನ್ನುವುದು ನಿಂತಿದೆ. ಇದನ್ನು ಮೂರು ಸಲ ಮೂರು ಥರ ಹೇಳಿದೆ. ಮೂರು ಸಲವೂ ಅವಳದೇ ಗೆಲುವಿನಂತೆ ಕಾಣಿಸಿತು.

ಆಗ ನೆನಪಾಗಿದ್ದು ಅಂಬೆಗಾಲಿನ ಉಪಾಯ. ಇದು ನಾನು ಕಟ್ಟಿದ್ದಲ್ಲ, ಆಡಿಯೋ ಹುಚ್ಚಿರುವವರೆಲ್ಲ ಮಾಡುವುದೇ. ನಾವು ಕೂರುವ ಜಾಗದಲ್ಲಿ ಸಬ್‌ವೂಫರ್ ಇಡಬೇಕು. ಬೇಸ್ ಇರುವ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿ, ನಾವು ಕಿವಿಯನ್ನು ನೆಲಕ್ಕೆ ಹತ್ತಿರ ಮಾಡಿಕೊಂಡು ಗೋಡೆಗುಂಟ ಅಂಬೆಗಾಲಿಡಬೇಕು. ಎಲ್ಲಿ ಹದವಾಗಿ, ಗವ್ ಅನ್ನದೆ ಕೇಳಿಸುತ್ತದೋ ಅದೇ ಪೆಟ್ಟಿಗೆ ಇಡುವ ಜಾಗ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತುತ್ತಾರಲ್ಲ, ಕಾಯಿ ಎದ್ದು ನಿಂತಲ್ಲಿ ಪಾಯಿಂಟ್ ಅಂತ, ಹಾಗೇ ಅಂದುಕೊಳ್ಳಿ. ಇಲ್ಲಿ ಕಾಯಿ ಬದಲು ನಮ್ಮ ತಲೆ.

ಮನೆಯವರೆಲ್ಲ ಸಿದ್ಧಗಂಗೆಗೆ ಹೋದ ದಿನ ನೋಡಿ ಶುರು ಮಾಡಿದೆ. ಸೋಫಾ ಮೇಲೆ ನನ್ನ ಜಾಗದಲ್ಲಿ ಪೆಟ್ಟಿಗೆ ಯಜಮಾನನ ಹಾಗೆ ಕೂತಿತ್ತು. ಪಂಚೆ ಎತ್ತಿ ಕಟ್ಟಿ ಯುಪಿಎಸ್ ಮೂಲೆಯಿಂದ ಹೊರಟೆ. ಶೂ ಸ್ಟ್ಯಾಂಡು ದಾಟಿದೆ. ಮೆಟ್ಟಿಲ ಕೆಳಗೆ ತಲೆ ತೂರಿಸಿದೆ. ನೆಲದ ಮಟ್ಟದಲ್ಲಿ ನಮ್ಮ ಮನೆ ಎಷ್ಟು ಕೊಳಕಾಗಿದೆ ಅಂತ ಆವತ್ತೇ ನೋಡಿದ್ದು. ಬೆಳಿಗ್ಗೆ ಒರೆಸುವವನು ನಾನೇ ಆದ್ದರಿಂದ ಯಾರಿಗೂ ಹೇಳಲಿಲ್ಲ. ಊಟದ ಮೇಜಿನ ಹತ್ತಿರ ಬರುವಷ್ಟರಲ್ಲಿ ಬಾಗಿಲಲ್ಲಿ ಎರಡು ಕಾಲು ಕಾಣಿಸಿದವು. ಹೆಪ್ಪಿಗೆ ಮೊಸರು ಕೇಳಲು ಲೋಟ ಹಿಡಿದು ಬಂದ ಹಿಂದಿನ ಬೀದಿಯ ಅಜ್ಜಿ. ನನ್ನನ್ನು ನೋಡಿದರು. ಸೋಫಾ ಮೇಲೆ ಕೂತು ಗುಡುಗುತ್ತಿದ್ದ ಕಪ್ಪು ಪೆಟ್ಟಿಗೆ ನೋಡಿದರು. ದನಿ ತಗ್ಗಿಸಿ, “ಹರಕೆನೇನಪ್ಪಾ?” ಅಂದರು.

ಹೌದಜ್ಜಿ ಅಂದೆ. ರೈಲಿನಲ್ಲಿ ಕಲಿತ ಪಾಠ.

ಅಷ್ಟೆಲ್ಲ ಹರಿದಾಡಿ ಸಿಕ್ಕ ಪಾಯಿಂಟ್ ಯಾವುದು ಗೊತ್ತಾ? ಅಡುಗೆಮನೆಯಿಂದ ಊಟದ ಮೇಜಿಗೆ ಬರುವ ದಾರಿಯ ನಟ್ಟನಡುವೆ. ಇಟ್ಟೆ. ಮೊದಲ ದಿನ ಮಗಳು ಎಡವಿದಳು. ಎರಡನೇ ದಿನ ನನ್ನದೇ ಕಾಲಿನ ಕಿರುಬೆರಳು ಹೋಯಿತು. ಮೂರನೇ ದಿನ ಸಾರಿನ ಪಾತ್ರೆ ಹಿಡಿದು ಬಂದ ಹೆಂಡತಿ ಅದರ ಮುಂದೆ ನಿಂತು ನನ್ನ ಕಡೆ ನೋಡಿದಳು, ಅಷ್ಟೇ. ಪೆಟ್ಟಿಗೆ ವಾಪಸ್ ನೈಋತ್ಯಕ್ಕೆ ಹೋಯಿತು.

ನಿಜವಾದ ತೊಂದರೆ ತಿಳಿದಿದ್ದು ಅಮ್ಮನಿಂದ. ಗುಡುಗಿನ ಸೀನ್ ಬಂದಾಗಲೆಲ್ಲ ಅವಳು ಎದೆ ಹಿಡಿದುಕೊಂಡು, “ಗುದ್ದಿದ ಹಾಗಾಗುತ್ತೆ ಕಣೋ” ಅನ್ನುತ್ತಿದ್ದಳು. ನನಗೆ ಅದೇ ಸೀನ್ ಸಪ್ಪೆ. ಒಂದು ದಿನ ಅವಳ ಕುರ್ಚಿಯಲ್ಲಿ ಕೂತು ನೋಡಿದೆ. ಅಬ್ಬಾ! ನಾನು ದುಡ್ಡು ಕೊಟ್ಟ ಬೇಸ್ ಪೂರ್ತಿ ಅಲ್ಲಿತ್ತು. ಅವಳ ಕುರ್ಚಿ ಇರುವುದು ಬಲಗಡೆ ಗೋಡೆಗೆ ಒತ್ತಿಕೊಂಡು. ನನ್ನ ಸೋಫಾ ಎರಡು ಗೋಡೆಗಳ ಸರಿಯಾಗಿ ಮಧ್ಯ.

ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. 40 ಹರ್ಟ್ಜ್ ಅಂದರೆ ಒಂದೊಂದು ಅಲೆಯೂ 28 ಅಡಿ ಉದ್ದ. ಅದರ ಅರ್ಧ 14. ನಮ್ಮ ಎಡಗೋಡೆಯಿಂದ ಬಲಗೋಡೆಗೆ ಸರಿಯಾಗಿ 14 ಅಡಿ. ಅಳತೆ ಕೊಟ್ಟು ಹೊಲಿಸಿದ ಹಾಗೆ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತದೆ. ಆಗ ಗೋಡೆಗಳ ಹತ್ತಿರ ಗುಡುಗು, ನಡುವೆ ಏನೂ ಇಲ್ಲ. ಮನೆಯೆಲ್ಲ ಓಪನ್ ಮಾಡಿದ ಎಂಜಿನಿಯರು ಈ ಎರಡು ಗೋಡೆ ಉಳಿಸಿದ್ದು ಇದಕ್ಕೇ ಇರಬೇಕು. ನಾನು ನಡುವೆ ಕೂತು, ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ತಿರುಗಿಸುತ್ತಿದ್ದೆ. ಅತ್ತ ಅಮ್ಮ ಎದೆ ಹಿಡಿದುಕೊಳ್ಳುತ್ತಿದ್ದಳು, ಇತ್ತ ಯಜಮಾನರು ಎಷ್ಟು ಅಡಿ ಅಂತ ಲೆಕ್ಕ ಹಾಕುತ್ತಿದ್ದರು.

“ಸೋಫಾನ ಎರಡಡಿ ಆಕಡೆ ಸರಿಸಿದ್ರೆ ಆಗಲ್ವಾ?” ಅಂದಳು ಹೆಂಡತಿ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಖರ್ಚಿಲ್ಲದ ಮದ್ದು ಅದೇ. ಆದರೆ ಫ್ಯಾನು ಇರುವುದು ಹಾಲಿನ ನಡುವೆ. ಏಪ್ರಿಲ್ ತಿಂಗಳಲ್ಲಿ ಫ್ಯಾನು ಬಿಟ್ಟು ಬೇಸಿನ ಕೆಳಗೆ ಕೂರುವಷ್ಟು ಹುಚ್ಚು ನನಗೂ ಇಲ್ಲ.

ಕೊನೆಗೆ ಕಾಪಾಡಿದವನು ಬೆಂಗಳೂರಿನ ಭಾಮೈದ. ನನಗೆ ಈ ಪೆಟ್ಟಿಗೆ ಆರಿಸಿಕೊಟ್ಟವನೂ ಅವನೇ, ಅವನ ಹತ್ತಿರವೂ ಅಂಥದ್ದೇ ಒಂದಿತ್ತು. ಕೆಳಗಿನ ಫ್ಲ್ಯಾಟಿನವರು ಅದಕ್ಕೆ ಕೊಟ್ಟ ಮರ್ಯಾದೆ ಸಾಕಾಗಿ, “ಭಾವ, ನೀವೇ ಇಟ್ಕೊಳ್ಳಿ” ಅಂತ ಕಾರಿನಲ್ಲಿ ತಂದಿಳಿಸಿದ. ಒಂದನ್ನೇ ಸಹಿಸದವಳು ಎರಡನೆಯದಕ್ಕೆ ಒಪ್ಪಿಯಾಳಾ? ಒಪ್ಪಿದಳು. ತಮ್ಮ ತಂದಿದ್ದಲ್ವಾ.

ಒಂದನ್ನು ಎಡಗೋಡೆಯ ನಡುವೆ, ಇನ್ನೊಂದನ್ನು ಎದುರಿಗೆ ಬಲಗೋಡೆಯ ನಡುವೆ ಇಟ್ಟೆ. ಒಂದೇ ಸದ್ದನ್ನು ಎರಡೂ ಕಡೆಯಿಂದ ಒಟ್ಟಿಗೆ ಬಿಟ್ಟಾಗ ಆ 14 ಅಡಿಯ ಅಲೆಗೆ ನಿಲ್ಲಲು ಜಾಗ ಸಿಗುವುದಿಲ್ಲ. ಈ ಕಡೆಯದನ್ನು ಆ ಕಡೆಯದು ಹೊಡೆದುಹಾಕುತ್ತದೆ. ಮೊದಲ ದಿನ ಹಿಂದೆ ಇರುವ ಫೇಸ್ ಅನ್ನುವ ಸ್ವಿಚ್ ಒಂದರಲ್ಲಿ 0, ಇನ್ನೊಂದರಲ್ಲಿ 180 ಇತ್ತು. ಒಂದು ಒಳಗೆ ಎಳೆದರೆ ಇನ್ನೊಂದು ಹೊರಗೆ ತಳ್ಳುತ್ತಾ, ಎರಡೂ ಸೇರಿ ನನ್ನ ಸೋಫಾ ಹತ್ತಿರ ಸೊನ್ನೆ. ಸ್ವಿಚ್ ಸರಿಮಾಡಿದ ಮೇಲೆ, ವಾಲ್ಯೂಮ್ ಮೊದಲಿಗಿಂತ ಕಮ್ಮಿ ಇಟ್ಟರೂ ಮಧ್ಯದಲ್ಲಿ ಗುಡುಗು ಗುಡುಗಿನ ಹಾಗೆ ಕೇಳಿಸಿತು. ಅಮ್ಮ ಎದೆಯಿಂದ ಕೈ ತೆಗೆದಳು. ಪಕ್ಕದ ಯಜಮಾನರು ಆಮೇಲೆ ನೀರಿನ ವಿಷಯ ಎತ್ತಿಲ್ಲ.

ಬಲಗಡೆಯ ಪೆಟ್ಟಿಗೆ ಅಮ್ಮನ ಕುರ್ಚಿ ಪಕ್ಕದಲ್ಲಿದೆ. ಮೊದಲು ಅದರ ಮೇಲೆ ಕನ್ನಡಕ ಬಂತು, ಆಮೇಲೆ ಎಲೆ ಅಡಿಕೆ ತಟ್ಟೆ. ದಸರೆಗೆ ನೋಡುತ್ತೇನೆ, ಹಳೇ ರೇಷ್ಮೆ ಸೀರೆಯ ತುಂಡು ಹಾಸಿ ಗೊಂಬೆ ಕೂರಿಸಿಬಿಟ್ಟಿದ್ದಾಳೆ. ಪಟ್ಟದ ಗೊಂಬೆಗೆ ಮೇಲಿನ ಮೆಟ್ಟಿಲೇ ಆಗಬೇಕು. ಹಾಗಾಗಿ ಸಬ್‌ವೂಫರ್ ಬಂದಿದ್ದು ಶೆಟ್ಟರ ಅಂಗಡಿಯ ಪಾಲಿಗೆ. ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟಾಣಿ ಬಟ್ಟಲುಗಳು, ಹಿಂದೆ ಹೊಟ್ಟೆ ಬಿಟ್ಟುಕೊಂಡು ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ. ಮುಂದಿನ ಜಾಲರಿ ಮುಚ್ಚಬೇಡ ಅಂತ ಮಾತ್ರ ಬೇಡಿಕೊಂಡೆ.

ಆ ಶನಿವಾರ ರಾತ್ರಿ ಯುದ್ಧದ ಸಿನಿಮಾ ಹಾಕಿದ್ದೆ. ಮಗಳು ತೆರೆ ಬಿಟ್ಟು ಬಲಗಡೆ ನೋಡುತ್ತಾ ಕಿಸಕ್ ಅಂದಳು. ಒಂದೊಂದು ಗುಂಡು ಬಿದ್ದಾಗಲೂ ಶೆಟ್ಟರು ಕೂದಲೆಳೆಯಷ್ಟು ಮುಂದೆ ಜರುಗುತ್ತಿದ್ದರು. ಬೆಲ್ಲದ ಬಟ್ಟಲು ದಾಟಿದರು, ಸೀರೆಯ ಅಂಚಿಗೆ ಬಂದರು. ಅಮ್ಮ ಕೈ ಚಾಚಿ ಹಿಡಿದು ಶೆಟ್ಟಮ್ಮನ ಪಕ್ಕದಲ್ಲಿ ಕೂರಿಸಿ, “ಸ್ವಲ್ಪ ಕಮ್ಮಿ ಮಾಡೋ, ವ್ಯಾಪಾರ ಬಿಟ್ಟು ಹೊರಟಿದಾನೆ” ಅಂದಳು. ಎರಡು ಪಾಯಿಂಟ್ ಇಳಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಶೆಟ್ಟರು ಅಂಗಡಿ ಹತ್ತಿರವೇ ಇದ್ದರು. ಮುಖ ಮಾತ್ರ ಟಿವಿ ಕಡೆ ತಿರುಗಿತ್ತು.