ಬಾಟಲಿಯ ಬ್ರಷ್ ಬೇಡ, ಟೂತ್‌ಪಿಕ್ ಸಾಕು

ಕಲ್ಲು ಬಡಿದು ಕಾರಿನ ಬಣ್ಣ ಕಿತ್ತುಹೋದ ಸಣ್ಣ ಗುಂಡಿಗಳನ್ನು ಮುಚ್ಚುವ ಬಗ್ಗೆ ನಿಮ್ಮ ಲೇಖನದಲ್ಲಿ, ಟಚ್‌ಅಪ್ ಬಣ್ಣದ ಪುಟ್ಟ ಬಾಟಲಿಯ ಮುಚ್ಚಳದಲ್ಲಿರುವ ಬ್ರಷ್‌ನಿಂದಲೇ ಹಚ್ಚಿ ಅಂತ ಬರೆದಿದ್ದೀರಿ. ಸಾಸಿವೆ ಕಾಳಿನಷ್ಟು ಜಾಗಕ್ಕೆ ಆ ಬ್ರಷ್ ತುಂಬಾ ದಪ್ಪ ಅಲ್ವಾ? ನಾನು ಹುಬ್ಬಳ್ಳಿಯಿಂದ ಹಾವೇರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಜಾಸ್ತಿ ಓಡಾಡುತ್ತೇನೆ. ಲಾರಿ ಚಕ್ರದಿಂದ ಸಿಡಿದ ಕಲ್ಲು ಕೆಂಪು ಬಾನೆಟ್ ಮೇಲೆ ಬೂದು ಚುಕ್ಕಿ ಬಿಟ್ಟು ಹೋಗುತ್ತದೆ. ಮೊದಲ ಸಲ ಬ್ರಷ್‌ನಿಂದ ಹಚ್ಚಿದಾಗ ಬಣ್ಣ ಗುಳ್ಳೆಯ ಹಾಗೆ ಎದ್ದು ನಿಂತಿತ್ತು. ಈಗ ಟೂತ್‌ಪಿಕ್ ತುದಿಯಲ್ಲಿ ಚೂರೇ ಚೂರು ಬಣ್ಣ ತಗೊಂಡು ಗುಂಡಿಯ ನಡುವೆ ಮುಟ್ಟಿಸುತ್ತೇನೆ. ಅದು ತಾನಾಗಿ ಅಂಚಿನವರೆಗೆ ಹರಿಯುತ್ತದೆ. ನೋಡೋಕೇ ಖುಷಿ. ಒಣಗಿದ ಮೇಲೆ ಬಣ್ಣ ಕುಗ್ಗುತ್ತದೆ, ಹಾಗಾಗಿ ಎರಡು ಮೂರು ತೆಳು ಪದರ ಬೇಕು. ಆಮೇಲೆ ಕ್ಲಿಯರ್ ಕೋಟ್, ಅಂದರೆ ಮೇಲಿನ ಪಾರದರ್ಶಕ ಪದರ.

ಶುರು ಮಾಡೋ ಮುಂಚೆ ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಒರೆಸಲೇಬೇಕು. ವ್ಯಾಕ್ಸ್ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಕೆಂಪಲ್ಲೂ ಹತ್ತಾರು ಕೆಂಪು, ನಿಮ್ಮ ಕಾರಿನ ಬಣ್ಣದ ಗುರುತು ಸಂಖ್ಯೆ (ಕಲರ್ ಕೋಡ್) ನೋಡಿಯೇ ತಗೊಳ್ಳಿ. ಗುಂಡಿಯಲ್ಲಿ ತಗಡು ಕಂಡರೆ ತುಕ್ಕು ಕೆರೆದು, ಬಣ್ಣಕ್ಕೂ ಮುಂಚಿನ ಪದರವಾದ ಪ್ರೈಮರ್ ಹಾಕಿ. ಅದನ್ನು ಧಾರವಾಡದ ಜಿಟಿಜಿಟಿ ಮಳೆಗೆ ಹಾಗೇ ಬಿಡಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ನೆರಳಲ್ಲೇ ಕೆಲಸ ಮುಗಿಸಿ. ಕಾದ ಬಾನೆಟ್ ಮೇಲೆ ಬಣ್ಣ ಹರಡುವ ಮೊದಲೇ ಗಟ್ಟಿಯಾಗುತ್ತದೆ.