ಎರಡು ಕಡೆ ಸಂಬಳ

ಶಿವರಾತ್ರಿ ರಜೆಗೆ ಅಕ್ಕನ ಮಗ ಬೆಂಗಳೂರಿನಿಂದ ನಮ್ಮ ತೋಟಕ್ಕೆ ಬಂದಿದ್ದ. ಎಂಟು ವರ್ಷದ ಹುಡುಗ. ಸಕಲೇಶಪುರದಲ್ಲಿ ಬಸ್ ಇಳಿದಾಗಿನಿಂದ ಅವನ ಕೈಯಲ್ಲಿ ಒಂದು ರೋಬೋಟ್ ಗೊಂಬೆ. ಊಟಕ್ಕೆ ಕೂತರೂ ತಟ್ಟೆ ಪಕ್ಕದಲ್ಲೇ ಅದು ನಿಂತಿರಬೇಕು. ನಮ್ಮವ್ವ ತಮಾಷೆಗೆ, "ಅದಕ್ಕೂ ಒಂದು ಕಡುಬು ಹಾಕ್ಲೇನೋ?" ಎಂದು ಕೇಳಿದರು. ಅವನು ನಗಲಿಲ್ಲ. "ಬೇಡ ಅಜ್ಜಿ, ಅದು ಡ್ಯೂಟಿ ಮೇಲಿದೆ" ಅಂದ.

ಡ್ಯೂಟಿ ಏನು ಅಂತ ಊಟ ಆದಮೇಲೆ ವಿಚಾರಿಸಿದೆ. ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳು ನಿಮಗೂ ಗೊತ್ತಿರಬಹುದು, ರೋಬೋಟನ್ನು ಮಡಚಿದರೆ ಕಾರು ಆಗುತ್ತದೆ. 1984ರಿಂದ ಮಾರುತ್ತಿದ್ದಾರೆ. ಆಟೋಬಾಟ್ ಅಂತ ಒಳ್ಳೆಯವರ ಪಕ್ಷ, ಡಿಸೆಪ್ಟಿಕಾನ್ ಅಂತ ಕೆಟ್ಟವರ ಪಕ್ಷ. ಇವನ ಕೈಯಲ್ಲಿದ್ದದ್ದು ಸ್ವಲ್ಪ ಬೇರೆ ಜಾತಿಯದು. 1987ರಲ್ಲಿ ಮೊದಲು ಬಂದ ಗೊಂಬೆ, ಇವನ ಹತ್ತಿರ ಇರುವುದು ಆಮೇಲೆ ಮಾಡಿದ ಹೊಸದು. ಇದು ಕಾರು ಆಗುತ್ತದೆ, ಅದು ಇರಲಿ. ಈ ಕಡೆಯಿಂದ ಬಿಚ್ಚಿದರೆ ಒಬ್ಬ ರೋಬೋಟ್, ಆ ಕಡೆಯಿಂದ ಬಿಚ್ಚಿದರೆ ಇನ್ನೊಬ್ಬ. ಒಬ್ಬನ ಬೆನ್ನು ಇನ್ನೊಬ್ಬನ ಎದೆ. ಆಟೋಬಾಟ್‌ಗಳ ಹತ್ತಿರ ಇದ್ದಾಗ ಹೆಸರು ಪಂಚ್. ಶತ್ರುಗಳ ಬಿಡಾರಕ್ಕೆ ಹೋದರೆ ಕೌಂಟರ್‌ಪಂಚ್. ಅಲ್ಲಿದ್ದುಕೊಂಡು ಸುದ್ದಿ ತರುವುದೇ ಅವನ ಡ್ಯೂಟಿ.

ಮಾರನೇ ದಿನ ಕಾಫಿ ಕಣದಲ್ಲಿ ಯುದ್ಧ ಶುರುವಾಯಿತು. ರೋಬಸ್ಟಾ ಚೆರಿ ಹರವಿದ್ದೆವು. ಕಪ್ಪಗೆ ಒಣಗಿ ಇನ್ನೆರಡು ದಿನಕ್ಕೆ ಮೂಟೆ ಕಟ್ಟುವ ಹದಕ್ಕೆ ಬಂದಿತ್ತು. ನಾನು ಹಲುಬೆ ಹಿಡಿದು ಕೈಯಾಡಿಸುತ್ತಿದ್ದೆ. ಇವನು ಕಾಫಿ ಗುಡ್ಡೆ ಮಾಡಿಕೊಂಡು ಆ ಕಡೆ ಒಂದು ಸೈನ್ಯ, ಈ ಕಡೆ ಒಂದು ಸೈನ್ಯ ನಿಲ್ಲಿಸಿದ್ದ. ಸ್ವಲ್ಪ ಹೊತ್ತಿಗೆ ಆಟ ನಿಂತಿತು. ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ:

"ಮಾವ, ಆ ಕಡೆ ಇದ್ದಾಗ ಫೈಟ್ ಬಂದ್ರೆ ಇವನು ಹೊಡಿಯೋದು ಯಾರಿಗೆ?"

"ಹೊಡೆದ ಹಾಗೆ ಸುಮ್ನೆ ನಾಟಕ ಮಾಡ್ತಾನೆ ಕಣೋ" ಅಂದೆ.

"ಹಂಗಾದ್ರೆ ಸಿಕ್ಕಿ ಬೀಳಲ್ವಾ?"

ಬೀಳುತ್ತಾನೆ. ಮೊದಲನೇ ದಿನವೇ ಬೀಳುತ್ತಾನೆ. ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಈ ಪ್ರಶ್ನೆ ಅವನು ವಾಪಸ್ ಹೋಗಿ ಮೂರು ವಾರ ಆದರೂ ಬಿಟ್ಟಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಆಕಾರ ಬದಲಿಸುವ ಬೇಹುಗಾರ ಅಂದ ಕೂಡಲೇ ನಾವೆಲ್ಲ ಬಾಯಿ ಬಿಟ್ಟು ನೋಡುವುದು ಆಕಾರ ಬದಲಿಸುವುದನ್ನೇ. ಕೈ ಹೇಗೆ ಚಕ್ರ ಆಯಿತು, ತಲೆ ಎಲ್ಲಿ ಹೋಯಿತು ಅಂತ. ನನ್ನ ಲೆಕ್ಕದಲ್ಲಿ ಅದು ಈ ಕೆಲಸದ ಅತಿ ಸುಲಭದ ಭಾಗ. ನಿಜವಾದ ಲ್ಯಾಬುಗಳಲ್ಲೇ ಅದು ಅಷ್ಟಿಷ್ಟು ಆಗಿದೆ. 2023ರ ಜನವರಿಯಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ಒಂದು ವಿಡಿಯೋ ಬಿಟ್ಟಿದ್ದರು, ನೆನಪಿದೆಯಾ? ಬೆರಳುದ್ದವೂ ಇಲ್ಲದ ಲೋಹದ ಬೊಂಬೆ ಜೈಲಿನ ಕಂಬಿಗಳ ಹಿಂದೆ ನಿಂತಿರುತ್ತದೆ. ಕರಗಿ ನೀರಾಗುತ್ತದೆ. ಕಂಬಿ ಸಂದಿಯಿಂದ ಆಚೆ ಬರುತ್ತದೆ. ಮತ್ತೆ ಬೊಂಬೆಯಾಗುತ್ತದೆ. ಗ್ಯಾಲಿಯಂ ಎಂಬ ಲೋಹದೊಳಗೆ ಆಯಸ್ಕಾಂತದ ಪುಡಿ ಬೆರೆಸಿ ಮಾಡಿದ್ದು. ಹೊರಗಿನಿಂದ ಆಯಸ್ಕಾಂತದ ಬಲವನ್ನು ಬೇಗ ಬೇಗ ಬದಲಿಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ. ಆದರೆ ಮತ್ತೆ ಬೊಂಬೆಯಾಗಿದ್ದು ತಾನಾಗಿ ಅಲ್ಲ. ಆಚೆ ಬಂದದ್ದನ್ನು ಅಚ್ಚಿಗೆ ಹಾಕಿ ಗಟ್ಟಿ ಮಾಡಿದ್ದರು. ಇನ್ನೊಂದು ಸಂಗತಿ, ಗ್ಯಾಲಿಯಂ ಕರಗುವುದು ಬರೀ 29.8 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಅರಸೀಕೆರೆ ಬಸ್ಸಿಗೆ ಈ ಬೇಹುಗಾರನನ್ನು ಹತ್ತಿಸಿದರೆ ಶತ್ರುವಿನ ಮನೆ ಮುಟ್ಟುವ ಮೊದಲೇ ಸೀಟಿನ ಮೇಲೆ ಕರಗಿ ಕೂತಿರುತ್ತಾನೆ.

ಒಳಗೆ ಸೇರಿಕೊಳ್ಳುವುದಕ್ಕೆ ರೂಪವೇ ಬೇಕು ಅಂತಲೂ ಇಲ್ಲ. 2007ರಲ್ಲಿ ಬ್ರಸೆಲ್ಸಿನ ಸಂಶೋಧಕರು ಜಿರಳೆಗಳ ಗುಂಪಿಗೆ ರೋಬೋಟ್‌ಗಳನ್ನು ಬಿಟ್ಟಿದ್ದರು. ಅವು ನೋಡುವುದಕ್ಕೆ ಜಿರಳೆ ಥರ ಇರಲೇ ಇಲ್ಲ. ಚಕ್ರದ ಮೇಲೆ ಓಡುವ ಪುಟ್ಟ ಡಬ್ಬಿಗಳು. ಆದರೆ ಮೇಲೆ ಜಿರಳೆಯ ವಾಸನೆ ಬಳಿದಿದ್ದರು. ಅಷ್ಟು ಸಾಕಾಯಿತು, ಜಿರಳೆಗಳು ಇವನೂ ನಮ್ಮವನೇ ಅಂದುಕೊಂಡವು. ಹನ್ನೆರಡು ಜಿರಳೆ, ನಾಲ್ಕು ರೋಬೋಟ್. ಅಡಗಿ ಕೂರಲು ಎರಡು ಜಾಗ, ಒಂದು ಜಾಸ್ತಿ ಕತ್ತಲು, ಇನ್ನೊಂದು ಸ್ವಲ್ಪ ಬೆಳಕು. ಜಿರಳೆ ಅಂದಮೇಲೆ ಕತ್ತಲೆಗೇ ಹೋಗಬೇಕು, ಅಲ್ವಾ? ಈ ರೋಬೋಟ್‌ಗಳಿಗೆ ಬೆಳಕಿನ ಕಡೆ ಒಲವಿರುವಂತೆ ಹೇಳಿಕೊಟ್ಟು ಕಳಿಸಿದ್ದರು. ಹತ್ತರಲ್ಲಿ ಸುಮಾರು ಆರು ಸಲ ಜಿರಳೆಗಳು ಇವುಗಳ ಮಾತು ಕೇಳಿ ಬೆಳಕಿನ ಜಾಗಕ್ಕೆ ಬಂದವು.

ಸುದ್ದಿ ಓದಿದವರೆಲ್ಲ ಆ ಆರಕ್ಕೇ ಚಪ್ಪಾಳೆ ತಟ್ಟಿದರು. ನನಗೆ ಕುತೂಹಲ ಉಳಿದ ನಾಲ್ಕರ ಬಗ್ಗೆ. ಆ ನಾಲ್ಕು ಸಲ ರೋಬೋಟ್‌ಗಳೇ ಜಿರಳೆಗಳ ಹಿಂದೆ ಕತ್ತಲೆಗೆ ಹೋದವು. ಅವು ಕೆಟ್ಟಿರಲಿಲ್ಲ. ಗುಂಪಿನಲ್ಲಿ ಒಬ್ಬನಾಗಬೇಕು ಅಂದರೆ ಗುಂಪಿನ ಮಾತಿಗೆ ಸ್ವಲ್ಪವಾದರೂ ಬಗ್ಗಬೇಕು. ಬಗ್ಗದ ರೋಬೋಟ್ ಒಂದು ಕಡೆ ಒಂಟಿಯಾಗಿ ನಿಂತಿರುತ್ತದೆ, ಅದರಿಂದ ಯಾರಿಗೂ ಏನೂ ಉಪಯೋಗ ಇಲ್ಲ. ನಮ್ಮ ಹುಡುಗ ಕಣದಲ್ಲಿ ಕೇಳಿದ್ದೂ ಇದನ್ನೇ. ನಾಟಕ ಆಡಿದರೆ ಸಿಕ್ಕಿ ಬೀಳುತ್ತಾನೆ. ಸಿಕ್ಕಿ ಬೀಳಬಾರದು ಅಂದರೆ ನಿಜವಾಗಿ ಹೊಡೆಯಬೇಕು, ತನ್ನವರಿಗೇ.

ನಮ್ಮ ಹಳೆಯ ಕಥೆಗಳಲ್ಲಿ ಇದನ್ನು ಚೆನ್ನಾಗಿ ಅರಿತವನು ಕಚ. ದೇವತೆಗಳ ಗುರು ಬೃಹಸ್ಪತಿಯ ಮಗ. ಅಸುರರ ಗುರು ಶುಕ್ರಾಚಾರ್ಯರ ಹತ್ತಿರ ಇರುವ ಮೃತಸಂಜೀವಿನಿ ಕಲಿತು ಬಾ ಅಂತ ದೇವತೆಗಳು ಅವನನ್ನು ಕಳಿಸುತ್ತಾರೆ. ಅವನು ವೇಷ ಹಾಕಲಿಲ್ಲ, ಹೆಸರು ಮುಚ್ಚಿಡಲಿಲ್ಲ. ನಾನು ಇಂಥವನ ಮಗ ಅಂತ ಹೇಳಿಯೇ ಶಿಷ್ಯನಾದ. ದನ ಕಾಯ್ದ, ಸೌದೆ ತಂದ, ಗುರುವಿನ ಮಗಳು ದೇವಯಾನಿಗೆ ಹೂ ತಂದುಕೊಟ್ಟ. ಮಾಡಿದ ಸೇವೆಯಲ್ಲಿ ಒಂದು ಚೂರೂ ಸುಳ್ಳಿಲ್ಲ. ಅಸುರರು ಮೂರು ಸಲ ಕೊಂದರು, ಗುರು ಮೂರು ಸಲವೂ ಬದುಕಿಸಿದರು. ವಿದ್ಯೆ ಸಿಕ್ಕಿತು. ಹೊರಟಾಗ ದೇವಯಾನಿ ನನ್ನನ್ನು ಮದುವೆಯಾಗು ಅಂದಳು, ಇವನು ಒಲ್ಲೆ ಅಂದ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಅಂತ ಅವಳು ಶಾಪ ಕೊಟ್ಟಳು. ಇರಲಿ, ನಾನು ಯಾರಿಗೆ ಹೇಳಿಕೊಡುತ್ತೇನೋ ಅವರಿಗೆ ಫಲಿಸುತ್ತದೆ ಅಂದು ಇವನು ಹೊರಟೇ ಹೋದ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನಾನು ಕಚನ ಪಕ್ಷ. ಈಗ ಗಟ್ಟಿಯಾಗಿ ಹೇಳಲಾರೆ. ದೇವಲೋಕದಲ್ಲಿ ಅವನಿಗೆ ಸನ್ಮಾನ ಆಗಿರಬೇಕು. ಆದರೆ ಅಷ್ಟು ವರ್ಷ ಉಂಡ ಮನೆಯ ನೆನಪನ್ನು ಅಲ್ಲಿ ಯಾರ ಹತ್ತಿರ ಹೇಳಿಕೊಂಡಾನು?

ಕಳಿಸುವವರಿಗೆ ಈ ಅಪಾಯ ಚೆನ್ನಾಗಿ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ನೋಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಗುರುತು ಹಿಡಿದು 1909ರಲ್ಲಿ ಅಚ್ಚು ಹಾಕಿಸಿದ ಪುಸ್ತಕ, ಹಾಗಾಗಿ ನಮ್ಮ ಕಡೆಯದೇ ಅಂತ ನನಗೆ ಸ್ವಲ್ಪ ಜಂಬ. ಅದರಲ್ಲಿ ಇಂಥ ಬೇಹುಗಾರನಿಗೆ ಒಂದು ಹೆಸರಿದೆ, ಉಭಯವೇತನ. ಎರಡು ಕಡೆ ಸಂಬಳ ತಗೊಳ್ಳುವವನು. ಪರದೇಶದ ರಾಜನ ಹತ್ತಿರ ಕೆಲಸಕ್ಕೆ ಸೇರುತ್ತಾನೆ, ಅಲ್ಲಿನ ಸಂಬಳ ತಿನ್ನುತ್ತಾನೆ, ಸುದ್ದಿ ಇಲ್ಲಿಗೆ ಕಳಿಸುತ್ತಾನೆ. ಇವನನ್ನು ಕಳಿಸುವ ಮೊದಲು ಹೆಂಡತಿ ಮಕ್ಕಳನ್ನು ರಾಜ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬೇಕಂತೆ. ಅವನು ತಂದ ಸುದ್ದಿಯನ್ನೂ ಹಾಗೇ ನಂಬುವ ಹಾಗಿಲ್ಲ, ಮೂರು ಜನ ಒಂದೇ ಮಾತು ಹೇಳಿದರೆ ಮಾತ್ರ ನಿಜ. ಜೀವ ಒತ್ತೆ ಇಟ್ಟು ಹೋಗುವವನು ಒಬ್ಬ. ಅವನ ಮೇಲೆ ಅನುಮಾನ ಇಟ್ಟುಕೊಂಡು ಮನೆಯಲ್ಲಿ ಕೂರುವವನು ಇನ್ನೊಬ್ಬ.

ಅದೇ ಪುಸ್ತಕದಲ್ಲಿ ಆನೆಗಳ ಮಾತೂ ಬರುತ್ತದೆ. ಅದನ್ನು ಓದಿದ ದಿನ ನಮ್ಮ ಜಗಲಿಯಲ್ಲೇ ಕೂತಿದ್ದೆ, ಮೈ ಜುಮ್ಮೆಂದಿತು. ಕಾಡಾನೆ ಹಿಂಡು ಎಲ್ಲಿದೆ, ಎಷ್ಟಿದೆ ಅಂತ ತಿಳಿಯಲು ಹೋಗುವವರು ಆನೆಯ ಗಂಜಲ, ಲದ್ದಿ ಬಳಿದುಕೊಂಡು ಮನುಷ್ಯರ ವಾಸನೆ ಮುಚ್ಚಿಕೊಳ್ಳಬೇಕು. ಸೊಪ್ಪಿನ ಮರೆ ಮಾಡಿಕೊಳ್ಳಬೇಕು. ಪಳಗಿದ ಐದೋ ಏಳೋ ಹೆಣ್ಣಾನೆಗಳನ್ನು ಮುಂದಿಟ್ಟುಕೊಂಡು ಹೋಗಬೇಕು. ಜಿರಳೆ ರೋಬೋಟಿನದೂ ಇದೇ ಉಪಾಯ, ವಾಸನೆ ಬಳಿದು ಒಳಗೆ ಬಿಡುವುದು. ಎರಡು ಸಾವಿರ ವರ್ಷ ಆದರೂ ಉಪಾಯ ಹಾಗೇ ಉಳಿದಿದೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಕಾಡಾನೆ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಬೆಳಿಗ್ಗೆ ಎದ್ದು ತೋಟಕ್ಕೆ ಹೋಗುವ ಮೊದಲು ಮೊಬೈಲಿನಲ್ಲಿ ಆನೆ ಎಲ್ಲಿದೆ ಅಂತ ನೋಡುವ ಜನ ನಾವು. ಆ ಸುದ್ದಿ ಎಷ್ಟೋ ಸಲ ಬರುವುದು ಹಿಂಡಿನ ಒಳಗಿನಿಂದಲೇ. ಹಿಂಡಿನ ಒಂದು ಹೆಣ್ಣಾನೆಗೆ ಅರಿವಳಿಕೆ ಕೊಟ್ಟು ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ ಬಿಟ್ಟಿರುತ್ತಾರೆ. ಅವಳು ಎಲ್ಲಿ ಹೋದರೂ ನಮಗೆ ಗೊತ್ತಾಗುತ್ತದೆ. ಅವಳ ಮಕ್ಕಳು, ಅಕ್ಕ ತಂಗಿಯರು ಜೊತೆಯಲ್ಲೇ ಇರುತ್ತಾರೆ. ತಾನು ನಮ್ಮ ಬೇಹುಗಾರ್ತಿ ಅಂತ ಅವಳಿಗೆ ಗೊತ್ತೇ ಇಲ್ಲ. ಇದರಿಂದ ಜೀವ ಉಳಿದಿವೆ, ನಮ್ಮವರದ್ದೂ ಅವುಗಳದ್ದೂ. ಆದ್ದರಿಂದ ನಾನು ಇದನ್ನು ತಪ್ಪು ಅನ್ನಲಾರೆ.

ತಪ್ಪು ಅನ್ನಲೂ ಆಗದೆ, ಸರಿ ಅನ್ನಲೂ ಆಗದೆ ಒದ್ದಾಡುವುದು ಅರ್ಜುನನ ವಿಷಯದಲ್ಲಿ.

ದಸರಾ ಅಂಬಾರಿಯ ಅರ್ಜುನ. 2012ರಿಂದ 2019ರವರೆಗೆ ಎಂಟು ವರ್ಷ, ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿದ ಆನೆ. ಖೆಡ್ಡಾದಲ್ಲಿ ಕಾಡಾನೆಗಳನ್ನು ಬಗ್ಗಿಸಿ ಕಟ್ಟುವುದಕ್ಕೆ ಮುಂದೆ ನಿಲ್ಲುತ್ತಿದ್ದುದೂ ಪಳಗಿದ ಆನೆಗಳೇ. ಅಂದರೆ ತನ್ನ ಜಾತಿಯವರ ಸಹಾಯದಿಂದಲೇ ಸೆರೆಯಾದವನು, ಆಮೇಲೆ ತನ್ನ ಜಾತಿಯವರನ್ನು ಹಿಡಿಯುವ ಕೆಲಸಕ್ಕೇ ಬಂದ. ಕುಮ್ಕಿ ಆನೆ, ಅಂದರೆ ಕಾಡಾನೆ ಹಿಡಿಯಲು ಪಳಗಿಸಿದ ಆನೆ, ಗುಟ್ಟಾಗಿ ಹೋಗುವುದಿಲ್ಲ, ಅದು ನಿಜ. ಬೆನ್ನ ಮೇಲೆ ಮನುಷ್ಯ ಕೂತೇ ಇರುತ್ತಾನೆ. ಆದರೆ ಆಕಾರ ಅದೇ, ವಾಸನೆ ಅದೇ, ಭಾಷೆ ಅದೇ. ಕೆಲಸ ಮಾತ್ರ ನಮ್ಮದು.

2023ರ ಡಿಸೆಂಬರ್ 4. ಯಸಳೂರು ಹತ್ತಿರದ ದಬ್ಬಳ್ಳಿಕಟ್ಟೆ ಕಾಡಿನಲ್ಲಿ ಸಲಗ ಹಿಡಿಯುವ ಕೆಲಸ ನಡೆದಿತ್ತು. ಕಾಡಾನೆ ಮೇಲೆ ಬಿತ್ತು. ಜೊತೆಗಿದ್ದ ಸಾಕಾನೆಗಳು ಹಿಂದೆ ಸರಿದವು, ಅರ್ಜುನ ನಿಂತು ಕಾದಾಡಿದ, ಅಲ್ಲೇ ಸತ್ತ. ಅವತ್ತು ಟಿವಿ ಮುಂದೆ ನಮ್ಮವ್ವ ಕಣ್ಣೊರೆಸಿಕೊಂಡರು. ಮಾರನೇ ದಿನ ಅಲ್ಲೇ ಮಣ್ಣು ಮಾಡಿದರು, ಜನ ಹೂವಿನ ಹಾರ ತಂದು ಹಾಕಿದರು. ಅವನನ್ನು ಕೊಂದ ಸಲಗವನ್ನು ಜನ ಬೈದದ್ದು ನೋಡಬೇಕಿತ್ತು. ಕೊಲೆಗಡುಕ, ರಾಕ್ಷಸ ಅಂತ. ಅದೇನು ಮಾಡಿತ್ತು? ತನ್ನ ಕಾಡಿಗೆ ತನ್ನದೇ ರೂಪದಲ್ಲಿ ಬಂದವನನ್ನು ಶತ್ರು ಅಂತ ಸರಿಯಾಗಿ ಗುರುತಿಸಿತ್ತು, ಅಷ್ಟೇ.

ಇನ್ನು ಅರ್ಜುನನನ್ನು ಕಳಿಸಿದ್ದು ಯಾರು? ಇಲಾಖೆ ಅನ್ನುವುದು ಸುಲಭ. ಕಾಡಾನೆ ಹಿಡಿಯಿರಿ ಅಂತ ನಮ್ಮ ಕಡೆ ರಸ್ತೆ ತಡೆ ಮಾಡಿದಾಗ ನಾನೂ ಹೋಗಿ ಟಾರು ರಸ್ತೆ ಮೇಲೆ ಕೂತಿದ್ದೇನೆ. ಪಕ್ಕದ ಊರಲ್ಲಿ ಕೂಲಿಗೆ ಹೊರಟಿದ್ದ ಹೆಂಗಸೊಬ್ಬರು ಆನೆ ತುಳಿದು ಹೋಗಿದ್ದರು. ಕೂರದೆ ಏನು ಮಾಡುವುದು? ಇವತ್ತು ಮತ್ತೆ ಹಾಗಾದರೆ ಮತ್ತೆ ಹೋಗಿ ಕೂರುತ್ತೇನೆ. ಆದರೆ ಅರ್ಜುನನ ಫೋಟೋ ಡಿಪಿ ಹಾಕಿಕೊಂಡು "ವೀರ ಮರಣ" ಅಂತ ಬರೆದುಕೊಂಡವರ ಸಾಲಿನಲ್ಲಿ ನಿಲ್ಲಲು ನನಗೆ ಆಗಲಿಲ್ಲ. ವೀರ ಅನ್ನಬೇಕಾದರೆ ಯುದ್ಧ ಯಾವುದು, ಪಕ್ಷ ಯಾವುದು ಅಂತ ಅವನಿಗೆ ಗೊತ್ತಿರಬೇಕು, ಅವನೇ ಆರಿಸಿಕೊಂಡಿರಬೇಕು. ಕಚ ಒಪ್ಪಿಕೊಂಡು ಹೋದ. ಉಭಯವೇತನನಿಗೆ ಸಂಬಳವಾದರೂ ಇತ್ತು, ಅದೂ ಎರಡು ಕಡೆ. ಇವನಿಗೆ ಸಿಕ್ಕಿದ್ದು ಕುಸುರೆ, ಭತ್ತ, ಬೆಲ್ಲ, ವರ್ಷಕ್ಕೊಂದು ಸಲ ಮೈ ತುಂಬ ಬಣ್ಣ.

ರೋಬೋಟ್ ಬೇಹುಗಾರನ ಕಥೆಗಳ ಮೇಲೆ ನನಗಿರುವ ಸಿಟ್ಟೂ ಇದೇ. ಅವನು ಶತ್ರು ಪಾಳೆಯದಲ್ಲಿ ವರ್ಷಗಟ್ಟಲೆ ಇದ್ದ ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ವರ್ಷಗಳಲ್ಲಿ ಯಾರಿಗೆ ಹೊಡೆದ, ರಾತ್ರಿ ಯಾರ ಜೊತೆ ಉಂಡ, ಶತ್ರುಗಳಲ್ಲಿ ಇವನನ್ನು ನಂಬಿದವನು ಒಬ್ಬನಾದರೂ ಇದ್ದನಾ, ವಾಪಸ್ ಬಂದಮೇಲೆ ಆ ಒಬ್ಬನ ಎದುರು ಯುದ್ಧಕ್ಕೆ ನಿಂತಾಗ ಏನಾಯಿತು? ಅಲ್ಲಿ ಕಥೆ ಇದೆ. ಕೈ ಚಕ್ರ ಆಗುವುದರಲ್ಲಿ ಇಲ್ಲ. ಮನುಷ್ಯ ಬೇಹುಗಾರನಾದರೆ ಮೈ ಒಂದೇ, ವೇಷ ಕಳಚಿದರೆ ತಾನು ತಾನೇ ಅಂತ ಸಮಾಧಾನ ಮಾಡಿಕೊಳ್ಳಬಹುದು. ಈ ಪಂಚ್‌ಗೆ ಅದೂ ಇಲ್ಲ. ಆ ಮುಖವೂ ಅವನ ಮೈಯಲ್ಲೇ ಹುಟ್ಟಿದ್ದು. ಆಟಿಕೆ ಕಂಪನಿಯವರು ಇಷ್ಟೆಲ್ಲ ಯೋಚಿಸಿ ಮಾಡಿರಲಿಕ್ಕಿಲ್ಲ, ಎರಡು ಗೊಂಬೆಯ ಮಜಾ ಒಂದರಲ್ಲೇ ಅಂತ ಮಾಡಿರುತ್ತಾರೆ. ಆದರೂ.

ಹುಡುಗನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಅವನು ತಾನೇ ಒಂದು ದಾರಿ ಕಂಡುಕೊಂಡ. ಸಾಯಂಕಾಲದ ಯುದ್ಧದಲ್ಲಿ ಕೌಂಟರ್‌ಪಂಚ್ ಕೈಯಿಂದ ಬಂದೂಕು ಕಿತ್ತು ಕಾಫಿ ಗುಡ್ಡೆಯೊಳಗೆ ಹೂತುಬಿಟ್ಟ. "ಬಂದೂಕು ಕಳೆದುಹೋಯ್ತು ಅಂತ ಬಾಸ್‌ಗೆ ಹೇಳ್ತಾನೆ. ಅದಕ್ಕೇ ಹೊಡಿಯಲ್ಲ" ಅಂದ. ಆಟ ಮುಂದುವರಿಯಿತು. ಊರಿಗೆ ಹೊರಡುವ ದಿನ ಬಂದೂಕು ಬೇಕು ಅಂತ ಅಳು. ಅಷ್ಟರಲ್ಲಿ ಆಳುಗಳು ಚೆರಿ ಒಟ್ಟು ಮಾಡಿ ಮೂಟೆಗೆ ತುಂಬಿಯಾಗಿತ್ತು. ಆರು ಮೂಟೆ ಬಿಚ್ಚಿ ಸುರಿದು ಹುಡುಕಿದೆವು. ಸಿಗಲಿಲ್ಲ. ಕಾಫಿ ಕಾಯಿಯಷ್ಟೇ ಗಾತ್ರ, ಕಾಫಿ ಕಾಯಿಯಷ್ಟೇ ಕಪ್ಪು. ಮೂಟೆಗಳೆಲ್ಲ ಕಳೆದ ವಾರ ಹಾಸನದ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಹೋದವು. ಅಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಸ್ವಲ್ಪ ನೋಡಿ, ಸಿಕ್ಕರೆ ಇನ್‌ಬಾಕ್ಸಿಗೆ ಬನ್ನಿ.