ಕುರ್ಚಿಗೆ ನಂಬರುಂಟು, ಕಂಪ್ಯೂಟರಿಗಿಲ್ಲ

ಸಂಸ್ಥೆಗಳಿಗೆ ಲೆಕ್ಕ ಇಡಲು ಬರುವುದಿಲ್ಲವೆಂದು ಯಾರೂ ದೂರುವಂತಿಲ್ಲ. ಅಲ್ಲಿ ಪ್ರತಿ ಕುರ್ಚಿಗೂ ಒಂದು ನಂಬರಿರುತ್ತದೆ, ಕಾಲು ಮುರಿದ ಕುರ್ಚಿಯನ್ನು ವಿಲೇವಾರಿ ಮಾಡಲು ಮೂವರ ಸಹಿ ಬೇಕಾಗುತ್ತದೆ. ಆದರೆ ಅದೇ ಕಟ್ಟಡದ ಜಾಲಕ್ಕೆ ಎಷ್ಟು ಕಂಪ್ಯೂಟರುಗಳು ಸೇರಿಕೊಂಡಿವೆ, ಅವುಗಳಲ್ಲಿ ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಓಡುತ್ತಿದೆ ಎಂದು ಕೇಳಿ ನೋಡಿ, ಕಳೆದ ಆಡಿಟ್‌ನ ಹಿಂದಿನ ರಾತ್ರಿ ತಯಾರಾದ ಎಕ್ಸೆಲ್ ಹಾಳೆಯೊಂದನ್ನು ನಿಮ್ಮ ಮುಂದಿಡುತ್ತಾರೆ. ಎಂದೋ ನಿವೃತ್ತರಾದವರ ಲ್ಯಾಪ್‌ಟಾಪ್ ಅದರಲ್ಲಿ ಇನ್ನೂ ಸೇವೆಯಲ್ಲಿರುತ್ತದೆ. ಸಿಗ್ನಲ್ ಸಾಲದೆಂದು ಯಾರೋ ಮನೆಯಿಂದ ತಂದು ಮೇಜಿನಡಿ ಇಟ್ಟ ವೈಫೈ ರೌಟರ್ ಮಾತ್ರ ಇರುವುದಿಲ್ಲ. ಉಚಿತವಾಗಿ ಇಳಿಸಿಕೊಂಡ ಸಾಫ್ಟ್‌ವೇರಂತೂ, ರಸೀದಿಯೇ ಇಲ್ಲದ ಕಾರಣ, ಹುಟ್ಟಿಯೇ ಇಲ್ಲ. ಬಿಲ್ಲು ಸತ್ಯ, ಜಾಲ ಮಿಥ್ಯೆ ಎಂಬುದು ಈ ಅದ್ವೈತದ ಸಾರ.

ಇದು ಸಣ್ಣಪುಟ್ಟವರ ಪಾಡೆಂದು ತಿಳಿಯಬಾರದು. ಮಂಗಳ ಗ್ರಹದಲ್ಲಿ ತನ್ನ ರೋವರ್ ಯಾವ ಬಂಡೆಯ ಪಕ್ಕ ನಿಂತಿದೆಯೆಂದು ಹೇಳಬಲ್ಲ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯಕ್ಕೆ, ತನ್ನದೇ ಜಾಲದೊಳಗೆ ಅನುಮತಿಯಿಲ್ಲದೆ ಕುಳಿತಿದ್ದ ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರೊಂದರ ಸುಳಿವಿರಲಿಲ್ಲ. ಅದನ್ನೇ ಮೆಟ್ಟಿಲಾಗಿಸಿಕೊಂಡ ಕಳ್ಳರು ಸುಮಾರು 500 ಎಂಬಿ ದತ್ತಾಂಶವನ್ನು ಹೊತ್ತೊಯ್ದದ್ದು 2018ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂತು. ಮರುವರ್ಷ ಜೂನ್‌ನಲ್ಲಿ ಹೊರಬಂದ ನಾಸಾದ ಆಂತರಿಕ ತನಿಖಾಧಿಕಾರಿ, ಅಂದರೆ ಇನ್‌ಸ್ಪೆಕ್ಟರ್ ಜನರಲ್ ಅವರ ವರದಿಯಲ್ಲಿ ನನಗೆ ಅತ್ಯಂತ ಆಪ್ತವೆನಿಸಿದ್ದು ನಿರ್ವಾಹಕರೊಬ್ಬರ ವಿವರಣೆ: ಹೊಸ ಸಾಧನಗಳನ್ನು ದಾಖಲಿಸುವ ವ್ಯವಸ್ಥೆ ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ, ಆಮೇಲೆ ಮರೆತುಹೋಗುತ್ತದೆ. ಗ್ರಹಾಂತರ ಯಾನ ಮಾಡುವವರೂ ನಮ್ಮವರೇ ಎಂಬ ಸಮಾಧಾನ ಇದರಿಂದ ಸಿಗುತ್ತದೆ.

2021ರ ಡಿಸೆಂಬರ್‌ನಲ್ಲಿ ಸಾಫ್ಟ್‌ವೇರುಗಳು ತಮ್ಮ ಚಟುವಟಿಕೆಯ ದಿನಚರಿ ಬರೆದಿಡಲು ಬಳಸುವ ಲಾಗ್‌ಫೋರ್‌ಜೆ ಎಂಬ ಪುಟ್ಟ ಘಟಕದಲ್ಲಿ, ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಗಳಿಸಿದ ದೋಷ ಬಯಲಾಯಿತು. ಮದ್ದು ಬಂದಿತ್ತು, ರೋಗಿ ಯಾರೆಂದು ಗೊತ್ತಿರಲಿಲ್ಲ. ಬೇರೆ ಸಾಫ್ಟ್‌ವೇರುಗಳ ಹೊಟ್ಟೆಯೊಳಗೆ ಅಡಗಿದ್ದ ಅದನ್ನು ಹುಡುಕಲು, ಜಗತ್ತಿನಾದ್ಯಂತ ಎಂಜಿನಿಯರುಗಳು ವರ್ಷಾಂತ್ಯದ ರಜೆಯನ್ನು ಬಲಿಕೊಡಬೇಕಾಯಿತು.

ಸೆಂಟರ್ ಫಾರ್ ಇಂಟರ್‌ನೆಟ್ ಸೆಕ್ಯುರಿಟಿ (ಸಿಐಎಸ್) ಎಂಬ ಸಂಸ್ಥೆ ಕಂಪ್ಯೂಟರ್ ಸುರಕ್ಷತೆಗೆಂದು ಸೂಚಿಸುವ ಕ್ರಮಗಳ ಎಂಟನೆಯ ಆವೃತ್ತಿಯಲ್ಲಿ ಮೊದಲನೆಯದು ಸಾಧನಗಳ ಪಟ್ಟಿ, ಎರಡನೆಯದು ಸಾಫ್ಟ್‌ವೇರುಗಳ ಪಟ್ಟಿ. ಉಳಿದ ಹದಿನಾರು ಆಮೇಲಿನವು. ಆದರೆ ಪಟ್ಟಿ ಮಾಡುವುದಕ್ಕೆ ಉದ್ಘಾಟನಾ ಸಮಾರಂಭವಿಲ್ಲ. ಆದ್ದರಿಂದ ದುಬಾರಿ ಫೈರ್‌ವಾಲ್ ಮೊದಲು ಬರುತ್ತದೆ, ಅದು ಯಾವುದನ್ನು ಕಾಯಬೇಕೆಂಬ ವಿಚಾರ ಮುಂದಿನ ಸಭೆಗೆ ಹೋಗುತ್ತದೆ.

ಇಂಥ ಸಂಸ್ಥೆಯಲ್ಲಿ ಉತ್ಸಾಹಿ ತರುಣನೊಬ್ಬ ಜಾಲವನ್ನು ಶೋಧಿಸುವ ಸಾಫ್ಟ್‌ವೇರ್ ಹಾಕಿ, ಪಟ್ಟಿಯಲ್ಲಿ ಇನ್ನೂರಿದ್ದ ಕಂಪ್ಯೂಟರುಗಳು ನಿಜದಲ್ಲಿ ಮುನ್ನೂರಿವೆಯೆಂದು ವರದಿ ಕೊಟ್ಟನೆಂದುಕೊಳ್ಳಿ. ಹೆಚ್ಚುವರಿ ನೂರಕ್ಕೆ ಹೊಣೆ ಯಾರೆಂಬ ಗಂಭೀರ ಪ್ರಶ್ನೆ ಏಳುತ್ತದೆ, ಸಮಿತಿ ಕೂಡುತ್ತದೆ, ಮೂರು ತಿಂಗಳ ಕೂಲಂಕಷ ಪರಿಶೀಲನೆಯ ಬಳಿಕ ಅನುಮೋದಿತ ಪಟ್ಟಿಯಲ್ಲಿಲ್ಲದ ಸಾಫ್ಟ್‌ವೇರೊಂದು ಪತ್ತೆಯಾಗುತ್ತದೆ. ಅದು ಆ ತರುಣ ಹಾಕಿದ ಶೋಧಕ ಸಾಫ್ಟ್‌ವೇರೇ ಆದ್ದರಿಂದ, ಅದನ್ನು ಕೂಡಲೇ ತೆಗೆದುಹಾಕುವಂತೆ ಆದೇಶ ಹೊರಡುತ್ತದೆ. ಕಂಪ್ಯೂಟರುಗಳು ಮತ್ತೆ ಇನ್ನೂರಾಗುತ್ತವೆ.